ನೇತ್ರಾಣಿಗೆ ಎಷ್ಟು ಟ್ಯಾಂಕ್ ಹೊರಬೇಕು?

ಮುರ್ಡೇಶ್ವರದ ತೀರದಲ್ಲಿ ಡೈವಿಂಗ್ ಬೋಟಿಗೆ ಪ್ರವಾಸಿಗರು ಹತ್ತುವ ಮೊದಲೇ ಟ್ಯಾಂಕ್‌ಗಳು ಹತ್ತಿರುತ್ತವೆ. ನೇತ್ರಾಣಿ ಅಲ್ಲಿಂದ ಸುಮಾರು 10 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 19 ಕಿ.ಮೀ. ಆ ದ್ವೀಪದಲ್ಲಿ ಜನವಸತಿ ಇಲ್ಲ, ಕರೆಂಟಿಲ್ಲ, ಗಾಳಿ ತುಂಬುವ ಕಂಪ್ರೆಸರ್ ಇಲ್ಲ. ದಿನಕ್ಕೆ ಬೇಕಾದ ಉಸಿರನ್ನೆಲ್ಲ ದಡದಿಂದಲೇ ಕಟ್ಟಿಕೊಂಡು ಹೋಗಬೇಕು, ಬುತ್ತಿಯ ಹಾಗೆ.

ಡೈವಿಂಗ್ ಅಂಗಡಿ ಹಾಕಲು ಹೊರಟವರು ಮೊದಲು ಕೇಳುವುದು ‘ಟ್ಯಾಂಕ್ ಒಂದಕ್ಕೆ ಎಷ್ಟಾಗುತ್ತದೆ?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಷ್ಟು ಬೇಕು, ಯಾವ ಅಳತೆಯದು ಬೇಕು, ಸಂಜೆಯೊಳಗೆ ಅವನ್ನು ಮತ್ತೆ ತುಂಬಲು ಆಗುತ್ತದೆಯೇ ಎಂಬುದು ಗೊತ್ತಾಗದೆ ಬೆಲೆ ಕೇಳಿ ಪ್ರಯೋಜನವಿಲ್ಲ.

ಅದಕ್ಕೂ ಮುಂಚೆ ಒಂದು ಮಾತು. ಪತ್ರಿಕೆಗಳಲ್ಲಿ ನಾವೇ ಎಷ್ಟೋ ಸಲ ‘ಆಮ್ಲಜನಕದ ಸಿಲಿಂಡರ್’ ಎಂದು ಬರೆಯುತ್ತೇವೆ. ತಪ್ಪು. ಅದರೊಳಗಿರುವುದು ನೀವು, ನಾನು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು ಅಷ್ಟೇ. ಬರೀ ಆಮ್ಲಜನಕ ತುಂಬಿಕೊಂಡು 10 ಮೀಟರ್ ಇಳಿದರೆ ಅದು ವಿಷವಾಗಿ ನೀರಿನಲ್ಲೇ ಫಿಟ್ಸ್ ಬರಬಹುದು.

ಮೊದಲು ಉಸಿರಿನ ಲೆಕ್ಕ

ಮೊದಲ ಸಲ ನೀರಿಗಿಳಿಯುವವರು ಗಾಬರಿಯಲ್ಲಿ ಜೋರಾಗಿ ಉಸಿರಾಡುತ್ತಾರೆ. ಮೇಲ್ಮೈಯಲ್ಲಿ ನಿಮಿಷಕ್ಕೆ 25 ಲೀಟರ್ ಎಂದು ಹಿಡಿಯಿರಿ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುವುದರಿಂದ ಅದೇ ಉಸಿರಿಗೆ 50 ಲೀಟರ್ ಹೋಗುತ್ತದೆ. ಅರ್ಧ ಗಂಟೆಗೆ 1,500 ಲೀಟರ್. ಪಳಗಿದ ತರಬೇತುದಾರರಿಗೆ ಮೇಲೆ 15 ಲೀಟರ್ ಸಾಕು, ಅವರ ಅರ್ಧ ಗಂಟೆಗೆ 900 ಲೀಟರ್.

ಲೋಕದ ತುಂಬ ಹೆಚ್ಚಾಗಿ ಬಳಕೆಯಲ್ಲಿರುವ ಟ್ಯಾಂಕ್ ‘ಅಲ್ಯೂಮಿನಿಯಂ 80’. 80 ಎಂದರೆ 80 ಘನ ಅಡಿ ಗಾಳಿ, ಅದೂ ಕರೆಯುವುದಕ್ಕಷ್ಟೇ. ನಿಜವಾಗಿ ಹಿಡಿಯುವುದು 77.4. ಒಳಗಿನ ಅಳತೆ 11.1 ಲೀಟರ್, ತುಂಬುವ ಒತ್ತಡ 207 ಬಾರ್, ಅಂದರೆ 3,000 ಪಿಎಸ್‌ಐ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಲೆಕ್ಕಕ್ಕೆ 200 ಬಾರ್ ಇಟ್ಟುಕೊಳ್ಳೋಣ. ಕೊನೆಯ 50 ಬಾರ್ ಮುಟ್ಟಬಾರದು, ಅದು ಆಪತ್ತಿಗೆ ಇಟ್ಟಿದ್ದು. ಬೇಕಾದ ಲೀಟರನ್ನು 11.1ರಿಂದ ಭಾಗಿಸಿ ನೋಡಿ, ಉಳಿದ 150 ಬಾರ್‌ನಲ್ಲಿ ಹೊಸಬರ ಡೈವ್ 135 ಬಾರ್ ತಿನ್ನುತ್ತದೆ, ತರಬೇತುದಾರರದು 81.

ಅಳತೆ ಆರಿಸುವುದು

80ರ ಖಾಲಿ ಟ್ಯಾಂಕ್ 14 ಕೆ.ಜಿ.ಗಿಂತ ಕೊಂಚ ಹೆಚ್ಚು. ವಾಲ್ವ್, ಗಾಳಿ ಎಲ್ಲ ಸೇರಿ ಹದಿನೇಳೂವರೆ ದಾಟುತ್ತದೆ. ಗಾಳಿಗೇನು ತೂಕ ಎನ್ನಬೇಡಿ, ತುಂಬಿದ ಟ್ಯಾಂಕಿನಲ್ಲಿ ಅದೇ ಎರಡೂವರೆ ಕೆ.ಜಿ. ಮೀರುತ್ತದೆ. ಈ ಗಾಳಿ ಖರ್ಚಾದಂತೆ ಅಲ್ಯೂಮಿನಿಯಂ ಟ್ಯಾಂಕ್ ತೇಲಲು ನೋಡುತ್ತದೆ. ಖಾಲಿಯಾದಾಗ ಸಮುದ್ರದ ನೀರಿನಲ್ಲಿ ಸುಮಾರು 2 ಕೆ.ಜಿ.ಯಷ್ಟು ಮೇಲಕ್ಕೆ ಎಳೆಯುವುದರಿಂದ ಸೊಂಟಕ್ಕೆ ಅಷ್ಟು ಸೀಸ ಹೆಚ್ಚಿಗೆ ಕಟ್ಟಬೇಕು. ಸ್ಟೀಲ್ ಟ್ಯಾಂಕಿಗೆ ಈ ತೊಂದರೆ ಇಲ್ಲ, ಖಾಲಿಯಾದರೂ ಮುಳುಗಿಯೇ ಇರುತ್ತದೆ. ಆದರೆ ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಟೀಲ್ ಎಂದರೆ ತುಕ್ಕಿಗೆ ಹಬ್ಬದೂಟ. ದಿನವೂ ಸಿಹಿನೀರಿನಲ್ಲಿ ತೊಳೆಯುವ ಶಿಸ್ತು ನಿಮ್ಮ ಹುಡುಗರಿಗಿದೆ ಎಂಬ ಧೈರ್ಯವಿದ್ದರೆ ಮಾತ್ರ ತನ್ನಿ.

9 ಲೀಟರಿನ ಚಿಕ್ಕ ಅಲ್ಯೂಮಿನಿಯಂ ಟ್ಯಾಂಕ್‌ಗಳೂ ಇವೆ, ಖಾಲಿ ತೂಕ ಸುಮಾರು 12 ಕೆ.ಜಿ. 150 ಬಾರ್‌ಗೆ 1,350 ಲೀಟರ್ ಸಿಗುತ್ತದೆ, ಹೊಸಬರಿಗೆ 27 ನಿಮಿಷ. ಸಣ್ಣ ಮೈಕಟ್ಟಿನವರಿಗೆ ಬೆನ್ನು ಹಗುರ. ನಾಲ್ಕೈದು ಇಟ್ಟುಕೊಳ್ಳಿ, ಎಲ್ಲವನ್ನೂ ಅದೇ ಮಾಡಬೇಡಿ. ಎರಡು ಅಳತೆಯವು ಅರ್ಧರ್ಧ ಬೆರೆತರೆ ಅವಸರದಲ್ಲಿ ಯಾರ ಬೆನ್ನಿಗೆ ಯಾವುದು ಹೋಯಿತೆಂಬುದೇ ತಿಳಿಯುವುದಿಲ್ಲ.

ಎಷ್ಟು ಬೇಕು?

ಒಂದು ಬೋಟಿಗೆ 12 ಪ್ರವಾಸಿಗರು, 4 ತರಬೇತುದಾರರು ಎನ್ನೋಣ. ಒಬ್ಬರಿಗೊಬ್ಬರು ಜೊತೆ, ಮೂರು ಸರದಿ. ಪ್ರವಾಸಿಗರಿಗೆ 12 ಟ್ಯಾಂಕ್, ಅದರಲ್ಲಿ ಮಾತಿಲ್ಲ. ತರಬೇತುದಾರರ ವಿಷಯದಲ್ಲಿ ಕಾಗದ ಮೋಸ ಮಾಡುತ್ತದೆ. ಮೂರು ಡೈವ್‌ಗೆ 243 ಬಾರ್, ಎರಡು ಟ್ಯಾಂಕಿನಲ್ಲಿ ಬಳಸಬಹುದಾದ್ದು 300 ಬಾರ್, ಹಾಗಾಗಿ ತಲಾ ಎರಡು ಸಾಕು ಎಂದು ಕೂಡುವುದು ಸುಲಭ. ಆದರೆ ಒಂದು ಟ್ಯಾಂಕಿನ ಉಳಿಕೆಯನ್ನು ಇನ್ನೊಂದಕ್ಕೆ ನಡುಗಡಲಲ್ಲಿ ಸುರಿಯಲಾಗದು. ಒಂದೇ ಟ್ಯಾಂಕಿನಲ್ಲಿ ಎರಡು ಸಲ ಇಳಿದರೆ 38 ಬಾರ್ ಉಳಿಯುತ್ತದೆ, ಆಪತ್ತಿನ ಗಂಟಿಗೆ ಕೈಹಾಕಿದಂತಾಯಿತು. ಹೊಸಬರ ಕೈ ಹಿಡಿದವರ ಬೆನ್ನ ಮೇಲೆ ಅದು ಇರಕೂಡದು. ತಲಾ ಮೂರು ಹಾಕಿ, 12. ಒಟ್ಟು 24 ಆಯಿತು. ವಾಲ್ವ್ ಬಾಯಿಯ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಹರಿದು ಸುಯ್ಯೆಂದು ಸೋರುವ ಟ್ಯಾಂಕ್ ಇಲ್ಲದ ದಿನ ಅಪರೂಪ. ಅದಕ್ಕೆಂದು ಇನ್ನೆರಡು ಸೇರಿಸಿ 26. ಬೋಟಿನ ಮೇಲೆ ಸುಮಾರು 460 ಕೆ.ಜಿ. ಟ್ಯಾಂಕಿನದೇ ಭಾರ. ಬೋಟ್ ಕೊಳ್ಳುವಾಗ ಆಸನಗಳನ್ನು ಎಣಿಸುವವರು ಇದನ್ನು ಮರೆಯುತ್ತಾರೆ. ಅವನ್ನು ನಿಲ್ಲಿಸಿ ಕಟ್ಟುವ ಚೌಕಟ್ಟಿಗೂ ಜಾಗ ಬೇಕು. ಅಲೆಗೆ ಉರುಳಿದ ಟ್ಯಾಂಕ್ ಕಾಲ್ಬೆರಳು ಮುರಿಯದೆ ಬಿಡುವುದಿಲ್ಲ.

ಪರೀಕ್ಷೆಗೆ ಹೋದವು, ವಾಲ್ವ್ ರಿಪೇರಿಗೆ ಬಿಚ್ಚಿಟ್ಟವು ಸೇರಿ ಒಂದು ಬೋಟಿಗೆ 30 ಇದ್ದರೆ ನೆಮ್ಮದಿ.

ಸಂಜೆಯ ಕೆಲಸ

ಆ ದಿನ ಖರ್ಚಾದದ್ದು 28,800 ಲೀಟರ್. ನಿಮಿಷಕ್ಕೆ 100 ಲೀಟರ್ ತುಂಬುವ ಚಿಕ್ಕ ಕಂಪ್ರೆಸರ್‌ಗೆ ಇದು ಐದು ಗಂಟೆಗೆ ಹತ್ತಿರದ ಕೆಲಸ, 250 ಲೀಟರಿನದಕ್ಕೆ ಎರಡು ಗಂಟೆ. ದಿನಕ್ಕೊಂದೇ ಬೋಟ್ ಬಿಡುವವರು ಚಿಕ್ಕದರಲ್ಲೂ ಸುಧಾರಿಸಬಹುದು. ಮಧ್ಯಾಹ್ನವೂ ಬೋಟ್ ಬಿಡುವ ಆಸೆಯಿದ್ದರೆ ದೊಡ್ಡ ಕಂಪ್ರೆಸರೇ ಆಗಲಿ, ಇಲ್ಲವೇ ಇನ್ನೊಂದು ಪೂರ್ತಿ ಸೆಟ್ ಟ್ಯಾಂಕ್ ಇರಲಿ.

ಅವಸರದಿಂದ ತುಂಬಿದರೆ ಟ್ಯಾಂಕ್ ಬಿಸಿಯಾಗುತ್ತದೆ. 60 ಡಿಗ್ರಿ ಬಿಸಿಯಲ್ಲಿ ಮುಳ್ಳು 200 ತೋರಿಸಿದ್ದು, ಬೆಳಿಗ್ಗೆ 28 ಡಿಗ್ರಿಗೆ ತಣಿದಾಗ 180ಕ್ಕೆ ಇಳಿದಿರುತ್ತದೆ. ಯಾರೂ ಗಾಳಿ ಕದ್ದಿಲ್ಲ. ನಿಧಾನ ತುಂಬಿ, ತಣಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಎಲ್ಲಿದೆ ಎಂಬುದು ಟ್ಯಾಂಕಿನ ಬ್ರಾಂಡಿಗಿಂತ ದೊಡ್ಡ ವಿಷಯ. ಒಂದು ಕಡೆ ನಾನು ನೋಡಿದ ಶೆಡ್‌ನಲ್ಲಿ ಅದು ಜನರೇಟರ್ ಹೊಗೆ ಬರುವ ಮಗ್ಗುಲಿಗೇ ಇತ್ತು. ‘ಸಂಜೆ ಗಾಳಿ ಆ ಕಡೆಗೆ ಬೀಸುತ್ತೆ ಸಾರ್, ಏನಾಗಲ್ಲ’ ಎಂದರು. ಗಾಳಿಗೆ ಯಾರ ಅಪ್ಪಣೆ? ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಆಳಕ್ಕೆ ಇಳಿದಂತೆ ಅದರ ಪೆಟ್ಟು ಹೆಚ್ಚು. ಉಸಿರಾಟದ ಗಾಳಿಗೆ ಯುರೋಪಿನ ಮಾನದಂಡ ಅದನ್ನು 10 ಲಕ್ಷದಲ್ಲಿ 5 ಭಾಗಕ್ಕೆ ಮಿತಿಗೊಳಿಸಿದೆ. ಎಳೆಯುವ ಕೊಳವೆಯನ್ನು ಛಾವಣಿಯ ಮೇಲಕ್ಕೆ, ಹೊಗೆಯಿಂದ ದೂರಕ್ಕೆ ಒಯ್ಯಿರಿ. ಫಿಲ್ಟರ್ ಬದಲಿಸುವ ಗಂಟೆಗಳನ್ನು ತಂಪು ದೇಶದ ಕೈಪಿಡಿ ನೋಡಿ ನಿರ್ಧರಿಸಬೇಡಿ. 40 ಡಿಗ್ರಿಯ ತೇವದ ಗಾಳಿ 20 ಡಿಗ್ರಿಯದಕ್ಕಿಂತ ಸುಮಾರು ಮೂರು ಪಟ್ಟು ನೀರನ್ನು ಹೊತ್ತಿರುತ್ತದೆ, ಫಿಲ್ಟರ್ ಅಷ್ಟೇ ಬೇಗ ಸೋಲುತ್ತದೆ.

ಕೊಳ್ಳುವಾಗ ಕತ್ತು ನೋಡಿ

ಟ್ಯಾಂಕಿನ ಜಾತಕ ಅದರ ಕತ್ತಿನ ಸುತ್ತ ಕೊರೆದಿರುತ್ತದೆ: ಲೋಹ, ಒತ್ತಡ, ತಯಾರಾದ ತಿಂಗಳು, ಪರೀಕ್ಷೆಯ ತಾರೀಕು. ಭಾರತದಲ್ಲಿ ಇವು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ ‘ಪೆಸೊ’ದ ಒಪ್ಪಿಗೆಯಿಲ್ಲದೆ ಹೊರದೇಶದಿಂದ ತರಿಸುವಂತಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕಾಗದವಿಲ್ಲದ ಹಳೆಯ ಮಾಲು ಎತ್ತಿಕೊಂಡವರು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಲ್ಲುತ್ತಾರೆ. ಇನ್ನೂ ಒಂದಿದೆ. 1980ರ ದಶಕದವರೆಗೆ ಹಲವು ಟ್ಯಾಂಕ್‌ಗಳಿಗೆ 6351 ಎಂಬ ಮಿಶ್ರಲೋಹ ಬಳಸುತ್ತಿದ್ದರು. ಅದರ ಕತ್ತಿನಲ್ಲಿ ಬಿರುಕು ಬಿಡುವುದು ಕಂಡುಬಂದು ತಯಾರಕರು 6061ಕ್ಕೆ ಬದಲಾದರು. ಅಷ್ಟು ಹಳೆಯದು ಪುಕ್ಕಟೆ ಕೊಟ್ಟರೂ ಬೇಡ.

ವಾಲ್ವ್ ತಿರುಗಿಸಿ ಕೂರಿಸುವ ತಿರುಪಿನ ಮರೆ ಎರಡು ಬಗೆ: ಅಮೆರಿಕದವರದು ಹೆಸರಿಗೆ ಮುಕ್ಕಾಲು ಇಂಚು, ಯುರೋಪಿನವರದು ಎಂ25 ಎಂಬ ಅಳತೆ. ಕಣ್ಣಿಗೆ ಎರಡೂ ಒಂದೇ. ಎಂ25 ವಾಲ್ವ್ ಮುಕ್ಕಾಲು ಇಂಚಿನ ಟ್ಯಾಂಕಿನಲ್ಲಿ ಸಡಿಲವಾಗಿ ಕೂತೂ ಬಿಡುತ್ತದೆ, ಒತ್ತಡ ಏರಿದಾಗ ಗುಂಡಿನಂತೆ ಹಾರುತ್ತದೆ. ಹೊರದೇಶಗಳಲ್ಲಿ ಇದರಿಂದ ಜನ ಸತ್ತಿದ್ದಾರೆ. ಇಡೀ ಅಂಗಡಿಗೆ ಒಂದೇ ಬಗೆ ಇರಲಿ.

ಈಗ ದುಡ್ಡಿನ ಮಾತು

ಅಮೆರಿಕದ ಅಂಗಡಿಗಳಲ್ಲಿ ಹೊಸ 80 ಸುಮಾರು 200ರಿಂದ 300 ಡಾಲರ್. ಸಾಗಣೆ, ಸುಂಕ, ಒಪ್ಪಿಗೆಯ ಖರ್ಚೆಲ್ಲ ಸೇರಿ ನಿಮ್ಮ ಬಾಗಿಲಿಗೆ 25,000 ರೂ. ಬಿತ್ತೆಂದು ಲೆಕ್ಕಕ್ಕೆ ಹಿಡಿಯೋಣ, ನಿಮ್ಮ ಕೊಟೇಷನ್ ಬಂದಾಗ ಅಂಕಿ ಬದಲಿಸಿಕೊಳ್ಳಿ. 30 ಟ್ಯಾಂಕಿಗೆ ಏಳೂವರೆ ಲಕ್ಷ. ವರ್ಷಕ್ಕೆ 150 ದಿನ ಕಡಲಿಗಿಳಿದು ದಿನಕ್ಕೆ 24 ತುಂಬಿದರೆ 10 ವರ್ಷಕ್ಕೆ 36,000 ಸಲ. ಒಂದು ತುಂಬುವಿಕೆಗೆ ಟ್ಯಾಂಕಿನ ಪಾಲು 21 ರೂ. ಮಾತ್ರ. 8 ಲಕ್ಷದ ಕಂಪ್ರೆಸರ್ 8 ವರ್ಷ ಬಾಳಿದರೆ ಅದರ ಪಾಲು 28 ರೂ. ಐದೂವರೆ ಕಿಲೋವ್ಯಾಟ್ ಮೋಟಾರ್ ಎರಡು ಗಂಟೆಗೆ 11 ಯೂನಿಟ್, ಯೂನಿಟ್‌ಗೆ 10 ರೂ. ಆದರೆ ಟ್ಯಾಂಕಿಗೆ 5 ರೂ. ಒಳಗೆ. ಫಿಲ್ಟರ್, ಎಣ್ಣೆ, ಹುಡುಗರ ಸಂಬಳ ಬೇರೆ. ಪ್ರವಾಸಿಯೊಬ್ಬರಿಗೆ ಎರಡು ಟ್ಯಾಂಕ್ ಖಾಲಿಯಾಗುತ್ತದೆ ಎಂಬುದು ದರಪಟ್ಟಿ ಬರೆಯುವಾಗ ನೆನಪಿರಲಿ, ಒಂದು ಅವರದು, ಇನ್ನೊಂದು ಕೈ ಹಿಡಿದವರದು.

ಜನರಿರುವ ದ್ವೀಪದಲ್ಲಿ ಲೆಕ್ಕ ತಿರುಗುತ್ತದೆ. ಅಂಡಮಾನಿನ ಸ್ವರಾಜ್ ದ್ವೀಪದಲ್ಲೋ ಲಕ್ಷದ್ವೀಪದ ಕಡಮತ್‌ನಲ್ಲೋ ಕಂಪ್ರೆಸರ್ ಪಕ್ಕದಲ್ಲೇ ಇರುವುದರಿಂದ ಬೋಟಿನ ಭಾರ ಕಡಿಮೆ. ಆದರೆ ಡೀಸೆಲ್ ಜನರೇಟರ್ ಮೇಲೆ ಓಡಿಸಿದರೆ ಅದೇ 11 ಯೂನಿಟ್‌ಗೆ 4 ಲೀಟರ್ ಬೇಕು, ಟ್ಯಾಂಕಿಗೆ 16 ರೂ. ಆಗುತ್ತದೆ. ಎರಡು ರೂಪಾಯಿಯ ಓ-ರಿಂಗ್ ಮುಗಿದರೂ ಹಡಗಿಗೆ ಕಾಯಬೇಕು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಮಳೆಗಾಲ ಹತ್ತಿರವಾದಂತೆ ನಿಲ್ಲುತ್ತವೆ. ತುಂಬಿದ ಟ್ಯಾಂಕ್ ಅಪಾಯಕಾರಿ ಸರಕಿನ ಪಟ್ಟಿಯಲ್ಲಿರುವುದರಿಂದ ಪರೀಕ್ಷೆಗೆ ಖಾಲಿ ಮಾಡಿಯೇ ಕಳಿಸಬೇಕು.

ಮುರ್ಡೇಶ್ವರದವರಿಗೆ ಮಳೆಗಾಲವೇ ಅನುಕೂಲ. ಜೂನ್‌ನಲ್ಲಿ ಬೋಟ್ ದಡ ಸೇರಿದ ಮೇಲೆ ಟ್ಯಾಂಕ್‌ಗಳ ಬುಡದ ರಬ್ಬರ್ ಬೂಟು ಕಿತ್ತು ಉಪ್ಪು ತೊಳೆಯಿರಿ, ಅಲ್ಯೂಮಿನಿಯಂ ಸವೆತದ ಬಿಳಿ ಪುಡಿ ಎದ್ದಿದೆಯೇ ನೋಡಿ. ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡಿಸಿ, 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ. 30ನ್ನೂ ಒಂದೇ ವರ್ಷ ಕೊಂಡಿದ್ದರೆ 30ಕ್ಕೂ ಒಂದೇ ಸಲ ಗಡುವು ಬರುತ್ತದೆ. ಆದ್ದರಿಂದ ವರ್ಷಕ್ಕೆ ಆರರಂತೆ ಮೊದಲೇ ಹಂಚಿ ಕಳಿಸಿ. ಉಳಿದವನ್ನು 20 ಬಾರ್ ಗಾಳಿ ಬಿಟ್ಟು, ನಿಲ್ಲಿಸಿ, ಒಣ ಕೋಣೆಯಲ್ಲಿಡಿ. ಪೂರ್ತಿ ಖಾಲಿ ಬಿಟ್ಟರೆ ಆ ನಾಲ್ಕು ತಿಂಗಳ ತೇವ ಒಳಕ್ಕೆ ಹೋಗಿ ಕೂರುತ್ತದೆ.