ಮಾಂಸವಿಲ್ಲದ ಜ್ಯಾವ್‌ಜಿಗೆ ಹುರಿಗಡಲೆ: ಚೀನಾದ ಟಿಯಾಂಜಿನ್‌ನಲ್ಲಿ ನನ್ನ ಅನುಭವ

ಮಾಂಸ ಇಲ್ಲ, ಮೊಟ್ಟೆ ಇಲ್ಲ, ಆದರೂ ಕುದಿಯುವ ನೀರಲ್ಲಿ ಒಡೆಯದ ಜ್ಯಾವ್‌ಜಿ, ಅಂದರೆ ಚೀನೀ ಕಡುಬು, ಈಗ ನನ್ನ ಕೈಗೆ ಕೂತಿದೆ. ಹೂರಣಕ್ಕೆ ಹುರಿಗಡಲೆ ಪುಡಿ ಹಾಕುತ್ತೇನೆ ಅಂದಾಗ ಪಕ್ಕದ ಮನೆ ಅಜ್ಜಿ ತಲೆ ಆಡಿಸಿಬಿಟ್ಟರು. ಇಲ್ಲಿರುವ ನಮ್ಮ ಕನ್ನಡದ ಗೆಳೆಯರೂ ನಂಬಲಿಲ್ಲ. "ಅದು ಬೋಂಡಾ ಆಗುತ್ತೆ ರೀ, ಸುಮ್ನೆ ಫ್ರೋಜನ್ ಪ್ಯಾಕೆಟ್ ತಗೊಳ್ಳಿ" ಅಂದರು. ಈ ಚಳಿಗಾಲದಲ್ಲಿ ಅವರೆಲ್ಲ ನಮ್ಮ ಮನೆಗೇ ಬಂದು ತಿಂದು, ಪುಡಿಯ ಅಳತೆ ಕೇಳಿಕೊಂಡು ಹೋದರು.

ಪ್ಯಾಕೆಟ್ ಯಾಕೆ ಬೇಡ ಅಂದರೆ, ತರಕಾರಿಯದ್ದು ಅಂತ ತಂದರೂ ಎಷ್ಟೋ ಸಲ ಒಳಗೆ ಮೊಟ್ಟೆ ಇರುತ್ತದೆ, ಇಲ್ಲವೇ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ಅರ್ಧ ಕಿಲೋಗೆ 15-20 ಯುವಾನ್. ಅದರಲ್ಲಿ ಬರುವುದು ಇಪ್ಪತ್ತೈದರ ಆಸುಪಾಸು ಜ್ಯಾವ್‌ಜಿ.

ಆದರೆ ಟಿಯಾಂಜಿನ್‌ನವರದ್ದೇ ಒಂದು ಸಸ್ಯಾಹಾರಿ ಜ್ಯಾವ್‌ಜಿ ಇದೆ. ಚೀನೀ ಹೊಸ ವರ್ಷದ ಮೊದಲ ದಿನ ಇಲ್ಲಿ ಅದನ್ನೇ ತಿನ್ನುತ್ತಾರೆ. ವರ್ಷವೆಲ್ಲ ಜಗಳ ತಂಟೆ ಇಲ್ಲದೆ ಸಾಗಲಿ ಅಂತ. ಹೆಸರುಕಾಳಿನ ಮೊಳಕೆ, ಶಿಯಾಂಗ್‌ಗಾನ್ ಅನ್ನುವ ಗಟ್ಟಿ ತೋಫು, ಹೆಸರುಕಾಳಿನ ಪಿಷ್ಟದ ಹಾಳೆ, ಕೊತ್ತಂಬರಿ. ರುಚಿಗೆ ಎಳ್ಳಿನ ಪೇಸ್ಟ್, ಎಳ್ಳೆಣ್ಣೆ, ಕೆಂಪು ಫೂರು, ಅಂದರೆ ಹುದುಗಿಸಿದ ತೋಫು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೂ ನಡೆಯುತ್ತದೆ. ಫೂರು ಬಾಟಲಿಯನ್ನು ಮಾತ್ರ ಓದಿ ತಗೊಳ್ಳಿ, ಸಾಮಾನ್ಯವಾಗಿ ಅದರಲ್ಲಿ ಮದ್ಯ ಇರುತ್ತದೆ.

ತೊಂದರೆ ಎಲ್ಲ ಮೊಳಕೆಯದ್ದೇ. ಇಲ್ಲಿಯ ಮೊಳಕೆ ಬೆರಳುದ್ದ, ಬರೀ ನೀರು. ಬಿಸಿನೀರಿಗೆ ಹಾಕಿ ತೆಗೆದು, ತಣ್ಣೀರಿಗೆ ಬಿಟ್ಟು, ಹೆಚ್ಚಿ, ಬಟ್ಟೆಯಲ್ಲಿ ಹಿಂಡಿದರೆ ಒಂದು ಕಿಲೋ ಅರ್ಧ ಕಿಲೋ ಆಗುತ್ತದೆ. ಅಷ್ಟಾದರೂ ಉಪ್ಪು ಬಿದ್ದ ಕಾಲು ಗಂಟೆಯಲ್ಲಿ ಮತ್ತೆ ನೀರು ಬಿಡುತ್ತದೆ. ಜ್ಯಾವ್‌ಜಿಯ ತಳ ಮೆತ್ತಗಾಗಿ ತಟ್ಟೆಗೆ ಅಂಟುತ್ತದೆ, ಎತ್ತಿದರೆ ಹರಿಯುತ್ತದೆ. ಒಂದು ಸಂಜೆ ಮಾಡಿದ್ದೆಲ್ಲ ಪಾತ್ರೆಯಲ್ಲಿ ಬಿಚ್ಚಿಕೊಂಡು ಸಾರಾಯಿತು. ಒಳ್ಳೆ ಎಳ್ಳಿನ ಪೇಸ್ಟ್ ಸೇರಿ ಸುಮಾರು 40 ಯುವಾನ್, ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿ ಹತ್ತಿರ, ನೀರು ಪಾಲು.

ಮೆಕ್ಕೆಜೋಳದ ಪಿಷ್ಟ ಹಾಕಿ ನೋಡಿದೆ, ಲೋಳೆ ಲೋಳೆ. ಬ್ರೆಡ್ ಪುಡಿ ಉಬ್ಬಿತು, ರುಚಿಯನ್ನೂ ನುಂಗಿತು. ಇಲ್ಲಿಯವರು ಹಾಕುವುದು ಗ್ವೋಜಿ, ಅಂದರೆ ಬೆಳಗ್ಗೆ ತಿಂಡಿಗೆ ತಿನ್ನುವ ಕರಿದ ಹಿಟ್ಟಿನ ಕೋಲು. ಅದನ್ನು ಹೆಚ್ಚಿ ಬೆರೆಸಿ, ತಕ್ಷಣ ತುಂಬಿ, ತಕ್ಷಣ ಬೇಯಿಸಿದರೆ ಚೆನ್ನಾಗಿಯೇ ಇರುತ್ತದೆ. ಫ್ರೀಜರಿಗೆ ಇಡಬೇಕು ಅಂದರೆ ಆಗುವುದಿಲ್ಲ.

ನಮ್ಮಲ್ಲಿ ವಡೆ ಹಿಟ್ಟು ನೀರಾದರೆ ಹುರಿಗಡಲೆ ಪುಡಿ ಹಾಕುತ್ತೇವೆ ಅಲ್ವಾ, ಅದನ್ನೇ ಇಲ್ಲಿಗೆ ತಂದೆ. ಕ್ರಮ ಮುಖ್ಯ. ಹಿಂಡಿದ ತರಕಾರಿಗೆ ಮೊದಲು ಎಳ್ಳೆಣ್ಣೆ ಹಾಕಿ ಚೆನ್ನಾಗಿ ಸವರಬೇಕು. ಆಮೇಲೆ ಪುಡಿ: ಮುಕ್ಕಾಲು ಕಿಲೋ ಹೂರಣಕ್ಕೆ ನಾಲ್ಕು ದೊಡ್ಡ ಚಮಚ. ಕೊತ್ತಂಬರಿ, ಉಪ್ಪು ಕೊನೆಗೆ, ತುಂಬುವ ಹೊತ್ತಿಗೆ. ಹತ್ತು ನಿಮಿಷ ಬಿಟ್ಟು ಚಮಚದಿಂದ ಒತ್ತಿ ನೋಡಿ. ಬಟ್ಟಲಿನ ಅಂಚಿನಲ್ಲಿ ಎಣ್ಣೆ ಮಿನುಗಬೇಕು, ನೀರು ನಿಲ್ಲಬಾರದು. ನುಣ್ಣಗೆ ಪುಡಿ ಮಾಡಬೇಡಿ, ಚಿರೋಟಿ ರವೆ ಹದಕ್ಕೆ ನಿಲ್ಲಿಸಿ. ಎಳ್ಳಿನ ಪೇಸ್ಟಿಗೂ ಫೂರುಗೂ ನಾನು ಹಾಕುವ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಅಜ್ಜಿ ನನ್ನ ಹೂರಣ ತಿಂದ ಮೇಲೆಯೇ ಹೇಳಿಕೊಟ್ಟರು.

ಹಿಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅರ್ಧ ಕಿಲೋ ಜ್ಯಾವ್‌ಜಿ ಹಿಟ್ಟಿಗೆ ಕಾಲು ಲೀಟರ್ ತಣ್ಣೀರು, ಚಿಟಿಕೆ ಉಪ್ಪು, ಮುಚ್ಚಿ ಅರ್ಧ ಗಂಟೆ. ಮುಟ್ಟಿದರೆ ಕಿವಿಹಾಲೆಯ ಹಾಗಿರಬೇಕು. ಸುಮಾರು ಅರವತ್ತೈದು ಹಾಳೆ ಬರುತ್ತದೆ, ನಡುವೆ ದಪ್ಪ, ಅಂಚು ತೆಳು. ನೆರಿಗೆಯ ಚಂದಕ್ಕೆ ಕೂರಬೇಡಿ. ಎರಡೂ ಹೆಬ್ಬೆರಳು ಸೇರಿಸಿ ಒಂದೇ ಸಲ ಒತ್ತುವ ಉತ್ತರ ಚೀನಾದವರ ಪಟ್ಟೇ ಗಟ್ಟಿ. ಒಬ್ಬಟ್ಟಿನ ಕಣಕದ ಹಾಗೆ ಎಣ್ಣೆ ಹಾಕಿಯೂ ಒಂದು ಪ್ರಯೋಗ ಮಾಡಿದೆ. ಹಾಳೆ ರೇಷ್ಮೆ ಥರ ಬಂತು, ಆದರೆ ಅಂಚು ಅಂಟಲಿಲ್ಲ. ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲೂ ಬೇಯಿಸಿದ್ದೇನೆ. ಅದಕ್ಕೆ ಬಿಸಿನೀರಲ್ಲಿ ಕಲಸಿದ ಹಿಟ್ಟೇ ಬೇಕು, ತಟ್ಟೆಗೆ ಕೋಸಿನ ಎಲೆ ಹಾಸಬೇಕು.

ಮಾಡಿದ್ದನ್ನು ಸ್ಟೀಲ್ ತಟ್ಟೆಯಲ್ಲಿ ಇಡಬೇಡಿ. ಜೋಳದ ದಂಟು ಹೊಲಿದು ಮಾಡಿದ ಗಾಯ್‌ಲ್ಯಾನ್ ಅನ್ನುವ ದುಂಡನೆಯ ತಟ್ಟೆ ಸಿಗುತ್ತದೆ, 15-20 ಯುವಾನ್. ದಂಟುಗಳ ನಡುವೆ ಗಾಳಿ ಆಡುವುದರಿಂದ ತಳ ಬೆವರುವುದಿಲ್ಲ. ಅದರ ಮೇಲೆಯೇ ಫ್ರೀಜರಿಗೆ ಇಟ್ಟು, ಕಲ್ಲಿನಷ್ಟು ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕುತ್ತೇನೆ. ತಿಂಗಳಾದರೂ ಒಂದೂ ಒಡೆದಿಲ್ಲ.

ಬೇಯಿಸುವಾಗ ಕರಗಲು ಬಿಡದೆ ಹಾಗೇ ಕುದಿನೀರಿಗೆ ಹಾಕಿ, ಸೌಟಿನ ಬೆನ್ನಿನಿಂದ ತಳ್ಳಿ. ಮುಚ್ಚಳ ಹಾಕಿದರೆ ಹೂರಣ ಬೇಯುತ್ತದೆ, ತೆಗೆದರೆ ಹಾಳೆ ಬೇಯುತ್ತದೆ ಅಂತ ಇಲ್ಲಿಯವರ ಮಾತು. ಮಾಂಸದ್ದಕ್ಕೆ ಮೂರು ಸಲ ತಣ್ಣೀರು ಹಾಕಿ ಕುದಿ ತಗ್ಗಿಸುತ್ತಾರೆ. ನಮ್ಮ ಹೂರಣದಲ್ಲಿ ಬೇಯಲೇಬೇಕಾದ್ದು ಅಂತ ಏನೂ ಇಲ್ಲ, ಹಾಗಾಗಿ ಮುಚ್ಚಳ ಬೇಡ. ಫ್ರೀಜರಿನದ್ದಕ್ಕೆ ಎರಡು ಸಲ ತಣ್ಣೀರು, ಆಗಷ್ಟೇ ಮಾಡಿದ್ದಕ್ಕೆ ಒಂದೇ ಸಲ ಸಾಕು.

ಅರವತ್ತೈದಕ್ಕೆ ಎಲ್ಲ ಸೇರಿ ನನಗೆ 20-22 ಯುವಾನ್ ಬೀಳುತ್ತದೆ, ಪ್ಯಾಕೆಟ್ಟಿನ ಅರ್ಧ. ಊರಿಂದ ತಂದ ಹುರಿಗಡಲೆ ಮುಗಿದಾಗ ಶಿನ್‌ಜಿಯಾಂಗ್‌ನ ಕಾಬೂಲ್ ಕಡಲೆ ತರಿಸಿ, ಹುರಿದು ಪುಡಿ ಮಾಡಿದೆ. ನೀರು ಹಿಡಿಯಿತು, ಸ್ವಲ್ಪ ಹಸಿ ವಾಸನೆ ಉಳಿಯಿತು. ಮುಂದಿನ ಸಲ ಸಣ್ಣ ಉರಿಯಲ್ಲಿ ಇನ್ನೂ ಹೊತ್ತು ಹುರಿಯಬೇಕು. ಅದ್ದಿಕೊಳ್ಳಲು ಟಿಯಾಂಜಿನ್‌ನದೇ ದೂಲ್ಯೂ ವಿನೆಗರ್ ತಗೊಳ್ಳಿ, ಬೇರೆ ಏನೂ ಬೇಡ.