ಸಾಣಾಪುರಕ್ಕೆ ಬಂದವರ ಲೆಕ್ಕ: ನಾನು ಹಿಡಿದ ದಾರಿ

ದರೋಜಿ ಕರಡಿಧಾಮಕ್ಕೆ ಗೇಟಿದೆ, ಟಿಕೆಟ್ ಇದೆ; ಬಂದವರ ಸಂಖ್ಯೆ ಅಲ್ಲೇ ಸಿಗುತ್ತದೆ. ಗಂಗಾವತಿ ತಾಲೂಕಿನ ಆನೆಗೊಂದಿ, ಸಾಣಾಪುರದ ಗುಡ್ಡ, ಕೆರೆ, ಹೊಳೆದಂಡೆಗಳಿಗೆ ಬಾಗಿಲೇ ಇಲ್ಲ. ಇಂಥ ಕಡೆ ಪ್ರಕೃತಿಯಿಂದ ಜನಕ್ಕೆ ಸಿಗುವ ಲಾಭ ಅಳೆಯಬೇಕಾದರೆ ಮೊದಲು ತಲೆ ಎಣಿಸಬೇಕು.

ನಾನು ನಿಲ್ಲುವುದು ರಸ್ತೆ ಕವಲೊಡೆಯುವಲ್ಲಿ. ಗಂಟೆಗೆ 15 ನಿಮಿಷ ವಾಹನ ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ಬೈಕು, ಕಾರು, ಟಂಟಂ, ಬಸ್ಸಿಗೆ ಬೇರೆ ಬೇರೆ ಕಾಲಂ. ಪ್ರತಿ ಹತ್ತನೇ ವಾಹನದಲ್ಲಿ ಎಷ್ಟು ಜನರಿದ್ದಾರೆಂದು ನೋಡಿ ಸರಾಸರಿ. ಗದ್ದೆಗೆ ಹೊರಟ ಊರವರನ್ನು ಬಿಡಬೇಕು. ಭತ್ತದ ನಾಟಿ, ಕೊಯ್ಲಿನ ಹೊತ್ತಿನಲ್ಲಿ ಇದು ತಪ್ಪಿದರೆ ಪ್ರವಾಸಿಗರ ಸಂಖ್ಯೆ ಸುಮ್ಮನೆ ಉಬ್ಬುತ್ತದೆ. ವಾರದ ದಿನ, ಭಾನುವಾರ, ಹನುಮ ಜಯಂತಿ, ಬೇಸಿಗೆ, ಚಳಿಗಾಲ ಎಂದು ವಿಂಗಡಿಸಿ, ಅಂಥ ದಿನಗಳು ವರ್ಷಕ್ಕೆಷ್ಟೋ ಅಷ್ಟರಿಂದ ಗುಣಿಸಬೇಕು. ಡಿಸೆಂಬರಿನ ಭಾನುವಾರವನ್ನು 365ರಿಂದ ಗುಣಿಸಿದ ಲೆಕ್ಕ ಕೆಲಸಕ್ಕೆ ಬಾರದು. ಏಪ್ರಿಲ್ ಮಧ್ಯಾಹ್ನ ಆ ಬಂಡೆಗಳ ಮೇಲೆ ಕಾಲಿಡಲಾಗುವುದಿಲ್ಲ.

ಪ್ರಶ್ನೆ ಕೇಳುವುದು ವಾಪಸ್ ಹೊರಟವರನ್ನು. ಬರುವಾಗ ಅವರಿಗೆ ಖರ್ಚೇ ಗೊತ್ತಿರುವುದಿಲ್ಲ. ಗುಂಪಿಗೆ ಒಬ್ಬರನ್ನೇ ಕೇಳಿ: ಯಾವ ಊರು, ಎಷ್ಟು ಜನ, ಪೆಟ್ರೋಲು, ಬಸ್ ಚಾರ್ಜು, ಊಟ, ವಸತಿ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನೂ ಸೇರಿಸುತ್ತೇನೆ. ರಜೆಯಲ್ಲಿ ಬಂದವರಿಗೆ ಇಲ್ಲ.

ತೊಡಕಿರುವುದು ಇಲ್ಲಿ. ಒಂದೇ ಪ್ರಯಾಣದಲ್ಲಿ ಹಂಪಿ ನೋಡಿ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಸಾಣಾಪುರದಲ್ಲಿ ಹರಿಗೋಲು ಏರುತ್ತಾರೆ. ಇಡೀ ಖರ್ಚನ್ನು ಕೆರೆಯ ಹೆಸರಿಗೆ ಬರೆದರೆ ಅನ್ಯಾಯ. ಹತ್ತು ಹುಣಸೆ ಬೀಜ ಕೊಟ್ಟು, ಯಾವ ಜಾಗಕ್ಕಾಗಿ ಎಷ್ಟು ಬಂದಿರೋ ಹಂಚಿ ಎನ್ನುತ್ತೇನೆ. ಓದು ಬಾರದ ಹಿರಿಯರೂ ಸಲೀಸಾಗಿ ಹಂಚುತ್ತಾರೆ. ಉದಾಹರಣೆಗೆ, ರಾಯಚೂರಿನ ನಾಲ್ವರ ಕುಟುಂಬದ ಖರ್ಚು 4,000 ರೂಪಾಯಿ, ಸಾಣಾಪುರಕ್ಕೆ ಎರಡು ಬೀಜ ಎಂದಿಟ್ಟುಕೊಳ್ಳಿ: ಕೆರೆಯ ಪಾಲು 800, ತಲೆಗೆ 200. ಅಂಜನಾದ್ರಿ ಗುಡ್ಡದ ಬುಡದಲ್ಲಿ ಕೇಳಿದರೆ ಎಲ್ಲ ಬೀಜವೂ ದರ್ಶನಕ್ಕೇ ಬೀಳುತ್ತವೆ. ಆದ್ದರಿಂದ ದೇವಸ್ಥಾನದಿಂದ ದೂರದಲ್ಲಿ, ಚಹಾದಂಗಡಿಯಲ್ಲಿ ಕೂತು ಕೇಳುವುದು ಒಳ್ಳೆಯದು.

ಆಮೇಲೆ, ಬಂದವರ ಊರು ಎಷ್ಟು ದೂರವೋ ಅದರಂತೆ ವಲಯಗಳು: ಕೊಪ್ಪಳ–ಬಳ್ಳಾರಿ–ರಾಯಚೂರು, ಹುಬ್ಬಳ್ಳಿ–ಕಲಬುರಗಿ, ಬೆಂಗಳೂರು–ಹೈದರಾಬಾದ್. ಜನಗಣತಿ ಹಿಡಿದು, ಪ್ರತಿ ಸಾವಿರ ಜನರಿಗೆ ಎಷ್ಟು ಭೇಟಿ ಎಂದು ತೆಗೆದು, ಖರ್ಚಿನ ಎದುರು ಗೆರೆ ಎಳೆಯಬೇಕು; ಖರ್ಚು ಏರಿದಂತೆ ಭೇಟಿ ಎಷ್ಟು ಇಳಿಯುತ್ತದೆಂದು ಆ ಗೆರೆ ತೋರಿಸುತ್ತದೆ. 1947ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬರೆದ ಪತ್ರದಲ್ಲಿ ಸೂಚಿಸಿದ್ದು ಇದೇ ದಾರಿ. ಖರ್ಚಾದದ್ದೆಲ್ಲ ಲಾಭವಲ್ಲ: 400 ಕೊಟ್ಟು ಬಂದವರು 700 ಆದರೂ ಬರುತ್ತಿದ್ದರೆ ಅವರಿಗಾದ ಲಾಭ 300. ಬಂಡೆ ಹತ್ತಲು ಬಂದು ವಾರಗಟ್ಟಲೆ ಉಳಿಯುವ ವಿದೇಶಿಯರನ್ನು ಈ ಗೆರೆಗೆ ಸೇರಿಸಬೇಡಿ, ಗೆರೆ ವಾಲುತ್ತದೆ.

ಊರಿನ ಗಳಿಕೆ ಬೇರೆ ಹಾಳೆ. ಹರಿಗೋಲಿನವರು, ಖಾನಾವಳಿ, ಹೋಂಸ್ಟೇಗಳಲ್ಲಿ ವಿಚಾರಿಸಿ, ನೂರು ರೂಪಾಯಿಯಲ್ಲಿ ಎಷ್ಟು ಇಲ್ಲಿನ ಕೂಲಿ, ಅಕ್ಕಿ, ಹಾಲಿಗೆ ಹೋಯಿತು, ಎಷ್ಟು ಹೊರಗಿನ ಮಾಲೀಕರಿಗೆ ಎಂದು ಬರೆಯಿರಿ. ಎರಡು ಹಾಳೆಯನ್ನು ಕೂಡಿಸಬಾರದು. ಪ್ರವಾಸಿಗರ ಲಾಭವೂ ಊರವರ ಗಳಿಕೆಯೂ ಒಂದೇ ಜಾತಿಯ ಮೊತ್ತವಲ್ಲ.

ಮೂರನೆಯದು ನಷ್ಟದ ಹಾಳೆ, ನನಗೆ ಬಹಳ ಮುಖ್ಯವಾದದ್ದು. ಕಸ ಎತ್ತುವ ಖರ್ಚು, ಕುರಿಗಾಹಿಗಳು ಕಳೆದುಕೊಂಡ ದಾರಿ, ರಾತ್ರಿಯ ಸ್ಪೀಕರ್ ಸದ್ದು. ತುಂಗಭದ್ರೆಯ 34 ಕಿ.ಮೀ. ಉದ್ದ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯಿತು. ಆ ದಂಡೆಯಲ್ಲಿ ನೀರುನಾಯಿ ಕಾಣುವುದು ಯಾವಾಗ ಕಡಿಮೆಯಾಯಿತೆಂದು ಮೀನುಗಾರರನ್ನು ಕೇಳಿ, ತಿಂಗಳುವಾರು ಭೇಟಿಗಳ ಪಕ್ಕದಲ್ಲೇ ಬರೆದಿಡುತ್ತೇನೆ.