ಮಳೆಗೆ ಸವತೆ, ಬೇಸಿಗೆಗೆ ಕುಮಟಾ ಈರುಳ್ಳಿ: ವರ್ಷವಿಡೀ ಹಶಿ

ಆಗಸ್ಟ್ ಬಂತು ಅಂದ್ರೆ ಶಿರಸಿ ಪೇಟೆಯಲ್ಲಿ ಊರ ಸವತೆಕಾಯಿ ರಾಶಿ ಬೀಳುತ್ತದೆ. ಮೈಮೇಲೆ ಸಣ್ಣ ಮುಳ್ಳು, ಒಳಗೆ ನೀರೇ ನೀರು. ಇದರ ಹಶಿ ಮಾಡಲು ಕಲಿತರೆ ವರ್ಷದ ಉಳಿದ ಸಲಾಡ್‌ಗಳೆಲ್ಲ ಸಲೀಸು. ತರಕಾರಿಯನ್ನು ಹಸಿಯಾಗಿಯೇ ಹೆಚ್ಚಿ, ಕಾಯಿ, ಮೊಸರು ಸೇರಿಸಿ ಒಗ್ಗರಣೆ ಕೊಟ್ಟರೆ ಅದೇ ಹಶಿ. ಕಾಲಕ್ಕೆ ತಕ್ಕಂತೆ ತರಕಾರಿ ಬದಲಾಗುತ್ತದೆ, ಅಷ್ಟೇ.

ಎರಡು ಸವತೆಕಾಯಿ ತೆಗೆದುಕೊಳ್ಳಿ. ಮೊದಲು ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ರುಚಿ ನೋಡಿ. ಕಹಿ ಅಂಶ ಜಾಸ್ತಿ ಇರುವುದು ತೊಟ್ಟಿನ ಹತ್ತಿರ ಮತ್ತು ಸಿಪ್ಪೆಯಲ್ಲಿ. ಕಹಿ ಅನಿಸಿದರೆ ಇನ್ನೊಂದು ಇಂಚು ತೆಗೆಯಿರಿ. ಆಮೇಲೂ ಕಹಿಯೇ ಇದ್ದರೆ ಆ ಕಾಯಿ ಬೇಡವೇ ಬೇಡ. ಉಳಿದದ್ದನ್ನು ಸಣ್ಣಗೆ ಹೆಚ್ಚಿ. ಅರ್ಧ ಕಪ್ ಕಾಯಿತುರಿ, ಎರಡು ಹಸಿಮೆಣಸು, ಕಾಲು ಚಮಚ ಸಾಸಿವೆ ಸೇರಿಸಿ ಗಟ್ಟಿಯಾಗಿ ರುಬ್ಬಿ, ಹೆಚ್ಚಿದ ಹೋಳಿನ ಜೊತೆ ಒಂದು ಕಪ್ ಸಿಹಿ ಮೊಸರಿಗೆ ಕಲಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಂದು ಮಜ್ಜಿಗೆ ಮೆಣಸು ಹಾಕಿ ಒಗ್ಗರಣೆ ಮಾಡಿ. ಅದು ಸ್ವಲ್ಪ ಆರಿದ ಮೇಲೆ ಮೊಸರಿಗೆ ಸುರಿಯಿರಿ.

ಉಪ್ಪು ಮಾತ್ರ ಊಟಕ್ಕೆ ಎಲೆ ಹಾಕಿದ ಮೇಲೆ. ಇದೊಂದನ್ನು ದಯವಿಟ್ಟು ಮರೆಯಬೇಡಿ. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಹೋಳು ಮೆತ್ತಗಾಗುತ್ತದೆ. ಒಮ್ಮೆ ಚೌತಿ ಊಟಕ್ಕೆ ನಾನು ಬೆಳಿಗ್ಗೆಯೇ ಉಪ್ಪು ಬೆರೆಸಿಟ್ಟಿದ್ದೆ. ಮಧ್ಯಾಹ್ನ ಬಡಿಸಿದಾಗ ನೀರು ಅನ್ನದವರೆಗೂ ಹರಿಯಿತು. ಅಷ್ಟು ಒಳ್ಳೆಯ ಸವತೆಕಾಯಿ ಹಾಳಾಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ.

ಜೋರು ಮಳೆಯ ದಿನಗಳಲ್ಲಿ ಒಂದೆಲಗದಂಥ ಸೊಪ್ಪನ್ನು ಹಸಿಯಾಗಿ ತಿನ್ನಲು ನನಗೆ ಮನಸ್ಸಿಲ್ಲ. ನೆಲಕ್ಕೆ ಅಂಟಿ ಬೆಳೆಯುವ ಸೊಪ್ಪು, ಎಷ್ಟು ತೊಳೆದರೂ ಬುಡದಲ್ಲಿ ಕೆಸರು ಉಳಿಯುತ್ತದೆ. ಅದನ್ನು ಬಾಡಿಸಿ ತಂಬುಳಿ ಮಾಡುವುದೇ ವಾಸಿ.

ಬಾಳೆದಿಂಡಿಗೆ ಕಾಲದ ಹಂಗಿಲ್ಲ. ಅಡಿಕೆ ತೋಟದಲ್ಲಿ ಬಾಳೆಗೊನೆ ಕಡಿದ ದಿನವೇ ಅದರ ದಿನ. ಹೊರಗಿನ ಪದರಗಳನ್ನು ಸುಲಿಯುತ್ತಾ ಹೋಗಿ. ಇನ್ನು ಸುಲಿಯಲು ಬರುವುದಿಲ್ಲ ಅನ್ನುವಾಗ ಬೆಳ್ಳಗಿನ ಗಟ್ಟಿ ದಿಂಡು ಸಿಗುತ್ತದೆ. ತೆಳ್ಳಗೆ ಬಿಲ್ಲೆ ಕತ್ತರಿಸಿ. ಪ್ರತಿ ಬಿಲ್ಲೆಯ ಹಿಂದೆ ಜೇಡರ ಬಲೆಯ ಹಾಗೆ ನಾರು ಎಳೆಯುತ್ತದೆ. ಅದನ್ನು ತೋರುಬೆರಳಿಗೆ ಸುತ್ತುತ್ತಾ ಬನ್ನಿ. ಐದಾರು ಬಿಲ್ಲೆ ಆಗುವಷ್ಟರಲ್ಲಿ ಬೆರಳಿಗೆ ದಪ್ಪ ಉಂಗುರ ಹಾಕಿದ ಹಾಗೆ ಕಾಣುತ್ತದೆ. ತೆಗೆದು ಎಸೆಯಿರಿ. ಈ ನಾರು ಬಿಟ್ಟರೆ ಬಾಯಲ್ಲಿ ದಾರ ಸಿಕ್ಕಿದ ಹಾಗಾಗುತ್ತದೆ, ಅವಸರ ಮಾಡಬೇಡಿ. ಕತ್ತರಿಸಿದ್ದು ಗಾಳಿಗೆ ಕಪ್ಪಾಗುತ್ತದೆ, ಹಾಗಾಗಿ ಪಕ್ಕದಲ್ಲೇ ನೀರು ಮಜ್ಜಿಗೆಯ ಪಾತ್ರೆ ಇಟ್ಟುಕೊಂಡು ಅದರಲ್ಲಿ ಹಾಕುತ್ತಾ ಹೋಗಿ. ಆಮೇಲೆ ಸಣ್ಣಗೆ ಹೆಚ್ಚಿ ಹಿಂಡಿ. ಒಂದೂವರೆ ಗಂಟೆ ನೆನೆಸಿದ ಹೆಸರುಬೇಳೆ, ಕಾಯಿತುರಿ, ಜಜ್ಜಿದ ಸೂಜಿಮೆಣಸು, ಕಂಚಿಕಾಯಿ ರಸ ಸೇರಿಸಿದರೆ ಕೋಸಂಬರಿ. ಕಂಚಿಕಾಯಿ ಇಲ್ಲದಿದ್ದರೆ ನಿಂಬೆ ಸಾಕು.

ಚಳಿಗಾಲದಲ್ಲಿ ಆಯ್ಕೆ ಜಾಸ್ತಿ. ಭತ್ತ ಕೊಯ್ದ ಗದ್ದೆಗಳಲ್ಲಿ ತರಕಾರಿ ಏಳುತ್ತದೆ. ಅಂಕೋಲಾ, ಗೋಕರ್ಣದ ಪೇಟೆಗೆ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ತರುತ್ತಾರೆ, ಕಾರವಾರದವರಿಗೆ ಭಾನುವಾರದ ಸಂತೆ ಇದ್ದೇ ಇದೆ. ಎಳೆ ಮೂಲಂಗಿ ಸಿಕ್ಕರೆ ತುರಿದು, ಅದರ ಚಿಗುರೆಲೆಯನ್ನೂ ಸಣ್ಣಗೆ ಹೆಚ್ಚಿ ಹಶಿಗೆ ಹಾಕಿ.

ಮಾರ್ಚ್ ಕಳೆದರೆ ಕುಮಟಾ ಈರುಳ್ಳಿಯ ಕಾಲ. ಅಳ್ವೆಕೋಡಿಯ ಹತ್ತಿರ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುತ್ತಾರೆ. ಸಿಹಿ ಈರುಳ್ಳಿ, ಹಸಿಯಾಗಿ ತಿನ್ನಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಉದ್ದುದ್ದ ಸೀಳಿ, ಹುಳಿ ಮಾವಿನಕಾಯಿಯ ಎಳೆಗಳು, ಹಸಿಮೆಣಸು, ಒಂದು ಚಮಚ ಹಸಿ ತೆಂಗಿನೆಣ್ಣೆ ಸೇರಿಸಿ. ಇಲ್ಲಿ ಮಾತ್ರ ಉಪ್ಪು ಮೊದಲೇ ಹಾಕಿ ಕೈಯಿಂದ ತಿಕ್ಕಬೇಕು. ಈರುಳ್ಳಿ ಮತ್ತು ಮಾವು ಬಿಟ್ಟ ರಸವೇ ಇದರ ಜೀವ. ಮೊಸರು ಬೇಡ, ಒಗ್ಗರಣೆಯೂ ಬೇಡ. ಮಿಕ್ಕ ಗೊಂಚಲನ್ನು ನೆಲಕ್ಕೆ ರಾಶಿ ಹಾಕದೆ, ಗಾಳಿಯಾಡುವ ಕಡೆ ತೂಗುಹಾಕಿ. ಮಳೆಗಾಲಕ್ಕೂ ಬರುತ್ತದೆ.

ಅದೇ ಹೊತ್ತಿಗೆ ಕಲ್ಲಂಗಡಿಯೂ ಬರುತ್ತದಲ್ವಾ? ಕೆಂಪು ತಿಂದು ಸಿಪ್ಪೆ ಎಸೆಯಬೇಡಿ. ನಡುವಿನ ಬಿಳಿ ಭಾಗ ಹೆಚ್ಚು ಕಡಿಮೆ ಸವತೆಕಾಯಿಯ ಹಾಗೆಯೇ. ಸಣ್ಣಗೆ ಹೆಚ್ಚಿ ಮೇಲಿನ ಹಾಗೇ ಹಶಿ ಮಾಡಿ. ಮೇಲಿನ ಹಸಿರು ಪದರ ಕೊಟ್ಟಿಗೆಯ ದನಕ್ಕೆ.